ಎದುರು ನೀರಿನ ಈಜು

ಊರಿಗೆ ಹೋದವರು ಶೃಂಗೇರಿಯ ದರ್ಶನವನ್ನೂ ಮಾಡಿಕೊಂಡು ಬರುವ ವಾಡಿಕೆ ನಮ್ಮ ಚೆನ್ನೈಯ ಕನ್ನಡ ಮನೆಗಳಲ್ಲಿ ಇಂದಿಗೂ ಉಂಟು. ಅಮ್ಮನವರ ಸನ್ನಿಧಿಯಲ್ಲಿ ದೊಡ್ಡವರು ಕೈಮುಗಿದು ನಿಂತಿರುವಾಗಲೇ ಮಕ್ಕಳ ಮನಸ್ಸು ತುಂಗೆಯ ಮೆಟ್ಟಿಲುಗಳ ಮೇಲೆ ಇರುತ್ತದೆ. ಮಂಡಕ್ಕಿಯ ಪೊಟ್ಟಣ ಬಿಚ್ಚಿದರೆ ಸಾಕು, ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ನೀರನ್ನೇ ಕಡೆದುಬಿಡುತ್ತವೆ. ಆ ಸಂಭ್ರಮವನ್ನು ನೋಡದವರಿಲ್ಲ. ಆದರೆ ಮಂಡಕ್ಕಿ ಮುಗಿದ ಮೇಲಿನ ನೋಟವನ್ನು ಗಮನಿಸಿದವರು ಕಡಿಮೆ. ಗದ್ದಲ ಅಡಗುತ್ತದೆ, ಮೀನುಗಳು ಒಂದೊಂದಾಗಿ ತಿರುಗಿ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ಆ ದಿಕ್ಕು ನೀರು ಬರುವ ದಿಕ್ಕು. ಹೊಳೆ ಹರಿಯುತ್ತಿದೆ, ಮೀನು ಇದ್ದಲ್ಲಿಯೇ ಇದೆ. ಬಾಲ ಮಾತ್ರ ಆಗೊಮ್ಮೆ ಈಗೊಮ್ಮೆ ಮೆಲ್ಲನೆ ಬಳುಕುತ್ತದೆ.

ದೋಣಿಗೆ ಲಂಗರು ಉಂಟು, ನೀರ್ಗಿಡಕ್ಕೆ ಬೇರು ಉಂಟು. ಮೀನಿಗೆ ಇವೆರಡೂ ಇಲ್ಲ. ಅದು ಹೊಳೆಯ ಪಾಲಾಗದೆ ನಿಲ್ಲುವುದು ಹೇಗೆ? ನೀರು ಯಾವ ಕಡೆಯಿಂದ ಬರುತ್ತಿದೆಯೆಂಬುದು ಅದಕ್ಕೆ ತಿಳಿಯುವುದಾದರೂ ಹೇಗೆ? ಈ ಸಂಚಿಕೆಯಲ್ಲಿ ನಾವು ವಾಚಕರೊಡನೆ ವಿಚಾರ ಮಾಡಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು.

ಇದರಲ್ಲೇನು ಹೆಚ್ಚುಗಾರಿಕೆ, ನೀರು ಮೈಗೆ ಬಡಿದರೆ ದಿಕ್ಕು ತಿಳಿಯದೆ, ಎಂದು ಕೇಳುವವರಿರಬಹುದು. ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ ನಮಗೆ ತಿಳಿಯುತ್ತದೆ, ದಿಟ. ಕಾಲು ಕಲ್ಲನ್ನು ಹಿಡಿದಿರುವುದರಿಂದ ನೀರಿನ ನೂಕು ನಮ್ಮ ಅರಿವಿಗೆ ಬರುತ್ತದೆ. ಆದರೆ ನೀರಿನಲ್ಲೇ ತೇಲುತ್ತಿರುವ ಜೀವಿ ನೀರಿನೊಡನೆಯೇ ಸಾಗುತ್ತದೆ. ಅದಕ್ಕೆ ನೂಕು ಎಲ್ಲಿಂದ ಬರಬೇಕು? ರಾತ್ರಿಯ ಬೆಂಗಳೂರು ಮೇಲಿನಲ್ಲಿ ಕಿಟಕಿ ಮುಚ್ಚಿ ಮಲಗಿದವರನ್ನು ಕೇಳಿ ನೋಡಿ. ಕುಲುಕಾಟವಿಲ್ಲದೆ ಗಾಡಿ ಒಂದೇ ವೇಗದಲ್ಲಿ ಓಡುತ್ತಿದ್ದರೆ, ತಲೆ ಬೆಂಗಳೂರಿನ ಕಡೆಗಿದೆಯೋ ಚೆನ್ನೈ ಕಡೆಗಿದೆಯೋ ಹೇಳಲು ಬಾರದು. ಕಿಟಕಿ ತೆರೆದು ಹೊರಗಿನ ದೀಪವನ್ನೋ ಮರವನ್ನೋ ಕಂಡಾಗ ಮಾತ್ರ ದಿಕ್ಕು ತಿಳಿಯುತ್ತದೆ.

ಮೀನಿಗೂ ಕಣ್ಣು ಈ ಸಹಾಯವನ್ನು ಮಾಡುತ್ತದೆ. 1904ರಲ್ಲಿ ಲಯಾನ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಪ್ರಯೋಗಗಳಿಂದ ತೋರಿಸಿದ. ದಡ ಮತ್ತು ತಳದ ಕಲ್ಲುಗಳು ಹಿಂದೆ ಸರಿಯುತ್ತಿವೆಯೋ ಮುಂದೆ ಸರಿಯುತ್ತಿವೆಯೋ ಎಂದು ನೋಡಿಕೊಂಡು ಮೀನು ತನ್ನ ಸ್ಥಾನವನ್ನು ಸರಿಪಡಿಸಿಕೊಳ್ಳುತ್ತದೆ. ಸರಿ, ಆದರೆ ಆಷಾಢದ ಕೆಂಪು ನೀರಿನಲ್ಲಿ, ಅಮಾವಾಸ್ಯೆಯ ಕತ್ತಲಿನಲ್ಲಿ, ತನ್ನ ರೆಕ್ಕೆಯೇ ತನಗೆ ಕಾಣದಿರುವಾಗ? ಆಗಲೂ ಮೀನು ದಿಕ್ಕು ತಪ್ಪುವುದಿಲ್ಲ. ಮಲೆನಾಡಿನವರು 'ಹತ್ತುಮೀನು' ಎನ್ನುವುದನ್ನು ನಮ್ಮ ಹಿರಿಯರು ಬಲ್ಲರು. ಮೊದಲ ಮಳೆಯ ಹೊಸನೀರು ಇಳಿದೊಡನೆ ಮೀನುಗಳು ಹಳ್ಳ ಹಿಡಿದು ಮೇಲಕ್ಕೆ ಹತ್ತುವುದು ಆ ಕಲಕು ನೀರಿನಲ್ಲಿಯೇ, ಎಷ್ಟೋ ಸಲ ರಾತ್ರಿಯ ಹೊತ್ತಿನಲ್ಲಿಯೇ.

ಹಾಗಾದರೆ ಮೀನಿಗೆ ಕಣ್ಣಲ್ಲದ ಇನ್ನೊಂದು ಇಂದ್ರಿಯ ಇರಬೇಕಾಯಿತು. ಅದು ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿಯೇ ಇದೆ. ಮೀನಿನ ಕಿವಿರಿನ ಹಿಂದಿನಿಂದ ಬಾಲದವರೆಗೆ, ಮೈಯ ಎರಡು ಪಕ್ಕಗಳಲ್ಲೂ, ಹೊಲಿಗೆ ಹಾಕಿದಂತೆ ಒಂದು ಸಣ್ಣ ಗೆರೆ ಕಾಣುತ್ತದೆ. ಅದಕ್ಕೆ ಪಾರ್ಶ್ವರೇಖೆಯೆಂದು ಹೆಸರು. 1664ರಲ್ಲಿ ಡೆನ್ಮಾರ್ಕಿನ ಸ್ಟೀನೋ ಮೀನಿನ ಮೈಮೇಲಿನ ಈ ರಂಧ್ರಗಳನ್ನು ವರ್ಣಿಸಿದ. ಇವು ಮೈಗೆ ಲೋಳೆ ಸುರಿಸುವ ನಾಳಗಳೆಂದೇ ಬಹುಕಾಲ ಎಲ್ಲರೂ ನಂಬಿದ್ದರು. 1850ರಲ್ಲಿ ಜರ್ಮನಿಯ ಲೈಡಿಗ್, ಇದು ಲೋಳೆಯ ನಾಳವಲ್ಲ, ಇಂದ್ರಿಯ ಎಂದು ಹೇಳಿದ. ಅದು ನೀರಿನ ಹರಿವನ್ನು ಅರಿಯುವ ಇಂದ್ರಿಯವೆಂದು ತೋರಿಸಿದವನು ಹೋಫರ್, 1908ರಲ್ಲಿ. ಒಂದು ಗೆರೆಯ ಅರ್ಥ ತಿಳಿಯಲು ಮನುಷ್ಯನಿಗೆ ಸುಮಾರು ಇನ್ನೂರೈವತ್ತು ವರ್ಷ ಬೇಕಾಯಿತು!

ಈ ಗೆರೆಯ ರಚನೆ ಬಹು ಸೊಗಸಾದುದು. ಚರ್ಮದ ಮೇಲೂ, ಹುರುಪೆಗಳ ಅಡಿಯಲ್ಲಿ ಹರಿಯುವ ಸಣ್ಣ ಕಾಲುವೆಯ ಒಳಗೂ ಸೂಕ್ಷ್ಮವಾದ ಮೊಗ್ಗುಗಳಿವೆ. ಒಂದೊಂದು ಮೊಗ್ಗಿನಲ್ಲಿಯೂ ಕೂದಲಿನಂಥ ಎಳೆಗಳುಳ್ಳ ಜೀವಕೋಶಗಳು. ಆ ಎಳೆಗಳ ಮೇಲೆ ಲೋಳೆಯದೊಂದು ಕುಲಾವಿ. ನೀರು ಸರಿದಾಗ ಕುಲಾವಿ ಬಾಗುತ್ತದೆ, ಎಳೆಗಳು ವಾಲುತ್ತವೆ, ನರದ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಚರ್ಮದ ಮೇಲಿನ ಮೊಗ್ಗುಗಳು ನೀರಿನ ವೇಗವನ್ನು ಹೇಳಿದರೆ, ಕಾಲುವೆಯೊಳಗಿನವು ವೇಗದ ಏರಿಳಿತವನ್ನೂ, ಮೈಯ ಒಂದು ಕಡೆಗೂ ಇನ್ನೊಂದು ಕಡೆಗೂ ಒತ್ತಡದಲ್ಲಿರುವ ವ್ಯತ್ಯಾಸವನ್ನೂ ಹೇಳುತ್ತವೆ. ಸ್ಪರ್ಶವೂ ಅಲ್ಲದ, ಶ್ರವಣವೂ ಅಲ್ಲದ, ಎರಡರ ನಡುವಣ ಒಂದು ಅರಿವು ಇದು.

ಆದರೂ ಮೇಲೆ ಹೇಳಿದ ತೊಡಕು ಬಿಡಲಿಲ್ಲ. ನೀರಿನೊಡನೆಯೇ ತೇಲುವ ಮೀನಿನ ಪಾರ್ಶ್ವರೇಖೆಗೆ ಹರಿವು ತಿಳಿಯಬೇಕಾದರೆ ಏನಾದರೂ ಆಧಾರ ಬೇಕಲ್ಲವೆ? ಈ ತೊಡಕನ್ನು ಬಿಡಿಸಿದ ಕಥೆಗೆ ನಮ್ಮ ಊರಿನಿಂದಲೇ ಒಂದು ಎಳೆ ಸಿಕ್ಕುವುದು ಸಂತೋಷದ ವಿಷಯ.

ಟಿಪ್ಪುಸುಲ್ತಾನನ ಪತನವಾದ ಮರುವರ್ಷ, 1800ನೆಯ ಇಸವಿಯ ಏಪ್ರಿಲಿನಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬಂದ. ಅಂದಿನ ಕನ್ನಡನಾಡಿನ ಬೇಸಾಯ, ಸಂತೆ, ಕೈಕಸುಬುಗಳ ವಿಚಾರ ಬರೆಯುವವರು ಇಂದಿಗೂ 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವನ್ನು ತೆರೆಯಲೇಬೇಕು. ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಮತ್ತೊಂದು ಗ್ರಂಥವನ್ನು ಪ್ರಕಟಿಸಿದ. ಅದರಲ್ಲಿ ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ಉದ್ದವಾದ, ನೀಲಿ ಪಟ್ಟೆಗಳ ಒಂದು ಬಡ ಮೀನಿಗೂ ಹೆಸರಿಟ್ಟ. ಅದೇ ಇಂದು ಝೀಬ್ರಾ ಮೀನೆಂದು ಪ್ರಸಿದ್ಧವಾಗಿದೆ. ನಮ್ಮ ಕೊಳತ್ತೂರಿನ ಬಣ್ಣದ ಮೀನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕುವ ಈ ಭಾರತೀಯ ಮೀನು ಈಗ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳ ಅತಿಥಿ.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಟೈಜಾ ಮತ್ತು ಅವರ ಸಂಗಡಿಗರು, ಮೊಟ್ಟೆಯೊಡೆದು ಕೆಲವೇ ದಿನಗಳಾದ ಝೀಬ್ರಾ ಮರಿಗಳನ್ನು ನೀರು ಹರಿಯುವ ಕೊಳವೆಯಲ್ಲಿ ಕತ್ತಲಿನಲ್ಲಿ ಬಿಟ್ಟು ಪರೀಕ್ಷಿಸಿದರು. ಕಣ್ಣಿನ ಸಹಾಯವಿಲ್ಲದಿದ್ದರೂ ಮರಿಗಳು ಎದುರು ನೀರಿಗೆ ತಿರುಗಿದವು. ಪಾರ್ಶ್ವರೇಖೆಯನ್ನು ನಿಷ್ಕ್ರಿಯಗೊಳಿಸಿದಾಗ ದಿಕ್ಕು ತಪ್ಪಿದವು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ವಿವರಣೆಯನ್ನು ನಾವು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಯಾವ ಕಾಲುವೆಯಲ್ಲಿಯೇ ಆಗಲಿ, ನೀರು ಎಲ್ಲ ಕಡೆಯೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವೆ ಓಟ ಹೆಚ್ಚು; ದಡಕ್ಕೆ ಬಂದಷ್ಟೂ ಕಡಿಮೆ; ದಡಕ್ಕೆ ತಾಗಿದ ನೀರು ನಿಂತೇ ಇರುತ್ತದೆ. ದಡದ ಹತ್ತಿರ ಒಂದು ಹುಲ್ಲುಕಡ್ಡಿಯನ್ನು ಅಡ್ಡಲಾಗಿ ಹಾಕಿದರೆ, ಅದರ ಒಂದು ತುದಿ ನಿಧಾನವಾದ ನೀರಿನಲ್ಲಿಯೂ ಇನ್ನೊಂದು ತುದಿ ವೇಗದ ನೀರಿನಲ್ಲಿಯೂ ಸಿಕ್ಕಿ, ಕಡ್ಡಿ ಸಾಗುತ್ತಲೇ ತಿರುಗುತ್ತದೆ. ಮೀನಿನ ಮರಿ ಗಮನಿಸುವುದು ಈ ತಿರುಗನ್ನು. ತನ್ನ ಎಡಬಲಗಳಲ್ಲಿ ನೀರಿನ ವೇಗಕ್ಕೆ ಇರುವ ಅಂತರವನ್ನು ಪಾರ್ಶ್ವರೇಖೆಯಿಂದ ಅಳೆಯುತ್ತದೆ. ಆಮೇಲೆ ಅದು ಅನುಸರಿಸುವ ನಿಯಮ ಇಷ್ಟೇ: ಮುಂದೆ ಹೋದಂತೆ ಆ ಅಂತರ ಹೆಚ್ಚುತ್ತಿದ್ದರೆ, ನೀರು ಯಾವ ಕಡೆಗೆ ತಿರುಗಿಸುತ್ತಿದೆಯೋ ಆ ಕಡೆಗೇ ತಿರುಗು, ಅಂತರ ತಗ್ಗುತ್ತಿದ್ದರೆ ನೆಟ್ಟಗೆ ನಡೆ. ಮಕ್ಕಳು ಒಂದು ಹಾಳೆಯ ಮೇಲೆ ಕಾಲುವೆಯೊಂದನ್ನು ಬರೆದು, ದಡದ ಕಡೆಗೆ ಮುಖಮಾಡಿದ ಮೀನೊಂದನ್ನು ಇಟ್ಟು ಲೆಕ್ಕಹಾಕಲಿ. ಕಡ್ಡಿ ತಿರುಗುವ ಕಡೆಗೆ ಮೀನು ತಿರುಗಿದರೆ ಅದರ ತಲೆ ತಪ್ಪದೆ ನೀರು ಬರುವ ಕಡೆಗೇ ಬರುವುದು. ಎಡದಡವಾದರೂ ಅಷ್ಟೆ, ಬಲದಡವಾದರೂ ಅಷ್ಟೆ. ನಕ್ಷೆ ಇಲ್ಲ, ದಿಕ್ಸೂಚಿ ಇಲ್ಲ. ಅಕ್ಕಿಕಾಳಿನಷ್ಟಿರುವ ಮರಿಗೆ ಹುಟ್ಟಿದ ವಾರದಲ್ಲೇ ಈ ವಿದ್ಯೆ ಕರಗತ.

ಇಷ್ಟು ಸಮಾಧಾನದ ಹರಿವಿನ ಮಾತಾಯಿತು. ನಿಜವಾದ ಹೊಳೆ ಕೊಳವೆಯಂತೆ ಸಭ್ಯವಾಗಿ ಹರಿಯುವುದಿಲ್ಲ. ಹೊಗೆನಕಲ್ಲಿಗೆ ಹೋಗಿ ಬಂದವರು ಬಹಳ ಮಂದಿ ನಮ್ಮಲ್ಲಿದ್ದಾರೆ. ಕಲ್ಲಿನಿಂದ ಹೊಗೆಯೆದ್ದಂತೆ ಕಾಣುವ ಆ ಜಾಗದ ಹೆಸರಿನಲ್ಲಿಯೇ ಕನ್ನಡ ಕುಳಿತಿದೆ. ಅಲ್ಲಿನ ಕಾವೇರಿ ಬಂಡೆಗೆ ಬಡಿದು, ಸೀಳಿ, ಸುತ್ತಿ, ಹಿಂದಕ್ಕೂ ಹರಿದು, ಹತ್ತು ಗಜದಲ್ಲಿ ಹತ್ತು ಬಗೆಯಾಗುತ್ತದೆ. ಇಂಥ ನೀರಿನಲ್ಲಿ ಮೀನಿನ ಗತಿಯೇನು?

ನೀರಿಗೆ ಅಡ್ಡವಾಗಿ ನಿಂತ ಕಲ್ಲಿನ ಹಿಂದೆ ಸುಳಿಗಳು ಹುಟ್ಟುತ್ತವೆ. ಅವು ಹೇಗೆಂದರೆ ಹಾಗೆ ಹುಟ್ಟುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು, ಹೀಗೆ ತಾಳ ಹಾಕಿದಂತೆ ಕಳಚಿಕೊಂಡು ಸಾಲಾಗಿ ಸಾಗುತ್ತವೆ. ಈ ಸಾಲಿನ ಗಣಿತವನ್ನು 1911ರ ಸುಮಾರಿಗೆ ಬಿಡಿಸಿದ ಫಾನ್ ಕಾರ್ಮನ್ನನ ಹೆಸರೇ ಅದಕ್ಕೆ ನಿಂತಿದೆ. ಅಡ್ಯಾರ್ ನದಿಯಲ್ಲಿ ಐಪ್ಪಸಿ ಮಳೆಯ ನೀರು ಬಂದಾಗ ಸೇತುವೆಯ ಕಂಬಗಳ ಹಿಂದೆ ನೋಡಿದರೆ ಇಂಥ ಸುಳಿಗಳು ಕಣ್ಣಿಗೆ ಬೀಳುತ್ತವೆ. ದೂರದಿಂದ ನೋಡಬೇಕೆಂದು ಮಕ್ಕಳಿಗೆ ಹೇಳತಕ್ಕದ್ದು.

2003ರಲ್ಲಿ ಅಮೆರಿಕದ ಲಿಯಾವೋ, ಲಾಡರ್ ಮೊದಲಾದವರು ಟ್ರೌಟ್ ಮೀನನ್ನು ಇಂಥ ಸುಳಿಸಾಲಿನಲ್ಲಿ ಬಿಟ್ಟು, ಅದರ ಸ್ನಾಯುಗಳು ಎಷ್ಟು ದುಡಿಯುತ್ತವೆಂದು ಅಳೆದರು. ನೀಲಗಿರಿಯ ಹೊಳೆಗಳಿಗೆ ಆಂಗ್ಲರು ತಂದು ಬಿಟ್ಟದ್ದೂ ಈ ಟ್ರೌಟ್ ಜಾತಿಯನ್ನೇ. ಕಲಕಿದ ನೀರಿನಲ್ಲಿ ಮೀನು ಹೆಚ್ಚು ದಣಿಯಬೇಕೆಂದು ಯಾರಾದರೂ ಹೇಳಿಯಾರು. ಆದದ್ದು ಅದಕ್ಕೆ ವಿರುದ್ಧ. ಸಮನಾದ ಹರಿವಿನಲ್ಲಿ ಈಜುವಾಗ ಮೈಯುದ್ದಕ್ಕೂ ದುಡಿಯುತ್ತಿದ್ದ ಸ್ನಾಯುಗಳಲ್ಲಿ, ಸುಳಿಗಳ ನಡುವೆ ತಲೆಯ ಕಡೆಯ ಕೆಲವು ಮಾತ್ರ ದುಡಿದವು. ಮೀನು ಸುಳಿಗೆ ಎದುರು ಬೀಳಲಿಲ್ಲ. ಸುಳಿಯಿಂದ ಸುಳಿಗೆ ಜಾರುತ್ತ, ಸುಳಿಯ ತಾಳಕ್ಕೆ ತನ್ನ ಮೈಯನ್ನು ಬಳುಕಿಸುತ್ತ ನಿಂತಿತು. 2006ರಲ್ಲಿ ಅದೇ ಬಳಗದವರು ಇನ್ನೂ ಸೋಜಿಗದ ಸಂಗತಿಯನ್ನು ತೋರಿಸಿದರು. ಸತ್ತ ಟ್ರೌಟನ್ನು ಅಡ್ಡಗಲ್ಲಿನಂಥ ಕಂಬದ ಹಿಂದೆ ಇಟ್ಟರೆ, ಸುಳಿಗಳ ಬಡಿತಕ್ಕೆ ಅದರ ಮೈ ತಾನಾಗಿ ಬಳುಕಿ, ನೀರಿಗೆ ಎದುರಾಗಿ ಮೇಲಕ್ಕೆ ಸರಿಯಿತು! ಪವಾಡವಲ್ಲ, ಮೀನಿನ ಮೈಯ ಆಕಾರ ಮತ್ತು ಬಾಗು ಅಷ್ಟರಮಟ್ಟಿಗೆ ನೀರಿಗೆ ಹೊಂದಿಕೊಂಡಿವೆ.

ಹರಿಗೋಲಿನ ಅಂಬಿಗನ ಚಾತುರ್ಯವೂ ಇದೇ. ಅವನ ತೋಳಿನ ಬಲಕ್ಕೂ ಕಾವೇರಿಯ ಬಲಕ್ಕೂ ಹೋಲಿಕೆಯುಂಟೆ? ಎಲ್ಲಿ ಸೆಳವು, ಎಲ್ಲಿ ಹಿನ್ನೀರು, ಎಲ್ಲಿ ನೀರು ತಾನಾಗಿ ಆಚೆ ದಡಕ್ಕೆ ನೂಕುತ್ತದೆ ಎಂಬುದನ್ನು ಬಲ್ಲವನಾದುದರಿಂದ ಅವನು ದಾಟುತ್ತಾನೆ.

ಆದರೆ ಎಲ್ಲ ಸುಳಿಯೂ ಮೀನಿಗೆ ಬಂಧುವಲ್ಲ. 2010ರಲ್ಲಿ ಪ್ರಕಟವಾದ ಟ್ರಿಟಿಕೊ ಮತ್ತು ಕೋಟೆಲ್ ಅವರ ಪ್ರಯೋಗಗಳಲ್ಲಿ, ಸುಳಿಯ ಅಗಲ ಮೀನಿನ ಉದ್ದದ ಸುಮಾರು ಮುಕ್ಕಾಲು ಪಾಲನ್ನು ಮುಟ್ಟಿದಾಗ ಮೀನು ಹಿಡಿತ ತಪ್ಪಿ ಉರುಳಿತು. ಸಣ್ಣ ಸುಳಿ ಮೈಯನ್ನು ತಾಕಿ ಹೋಗುತ್ತದೆ. ಮೈಯಷ್ಟೇ ದೊಡ್ಡ ಸುಳಿ ಮೈಯನ್ನೇ ಎತ್ತಿ ಒಗೆಯುತ್ತದೆ. ಆದುದರಿಂದ ಹೊಳೆಯಲ್ಲಿ ದೊಡ್ಡ ಬಂಡೆಯೂ ಬೇಕು, ಗುಂಡುಕಲ್ಲೂ ಬೇಕು, ಗರಸೂ ಬೇಕು. ದೊಡ್ಡ ಮೀನಿಗೊಂದು ಅಳತೆಯ ಸುಳಿ, ಮರಿಗೊಂದು ಅಳತೆಯ ಸುಳಿ.

ಈಜಲಾರದವರಿಗೂ ಹೊಳೆಯಲ್ಲಿ ಉಪಾಯವುಂಟು. ಮದರಾಸ್ ಸೈನ್ಯದ ವೈದ್ಯನಾಗಿದ್ದು, ಭಾರತದ ಮೀನುಗಳ ಮಹಾಗ್ರಂಥವನ್ನು ಬರೆದ ಫ್ರಾನ್ಸಿಸ್ ಡೇ, 1873ರಲ್ಲಿ ನಮ್ಮ ಕಡೆಯ ಬೆಟ್ಟದ ಹೊಳೆಗಳ ಒಂದು ಸಣ್ಣ ಮೀನಿಗೆ ಮದರಾಸಿನ ಹೆಸರನ್ನೇ ಇಟ್ಟ: ಗ್ಲಿಪ್ಟೊಥೊರ್ಯಾಕ್ಸ್ ಮದ್ರಾಸ್‌ಪಟಾನಸ್. ಕಾವೇರಿಗೆ ಸೇರುವ ಹಳ್ಳಗಳಲ್ಲಿ ಇರುವ ಇದರ ಎದೆಯ ಚರ್ಮ ನಿರಿಗೆ ನಿರಿಗೆಯಾಗಿದೆ. ಆ ನಿರಿಗೆಗಳಿಂದ ಕಲ್ಲಿಗೆ ಅಂಟಿಕೊಂಡು ಸೆಳವನ್ನು ತಲೆಯ ಮೇಲೆ ಹಾಯಲು ಬಿಡುತ್ತದೆ. ಇಂಥ ಬೆಟ್ಟದ ಹೊಳೆಯ ಜೀವಿಗಳನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಸುಂದರಲಾಲ್ ಹೋರಾ ಅವರು 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ದೊಡ್ಡ ಪ್ರಬಂಧವನ್ನು ಪ್ರಕಟಿಸಿದರು. ಚಪ್ಪಟೆ ಮೈ, ಅಗಲವಾದ ರೆಕ್ಕೆ, ಕಲ್ಲು ಹಿಡಿಯುವ ಎದೆ, ಇವೆಲ್ಲ ಪ್ರವಾಹವೇ ಕಡೆದು ಕೊಟ್ಟ ರೂಪಗಳೆಂಬುದು ಅವರ ವಾದ.

ಮೀನಿನ ಈ ಮಾತು ನಮ್ಮ ಮನೆಯ ಹಿರಿಯರಿಗೂ ಸಂಬಂಧಿಸಿದ್ದು. ಪಾರ್ಶ್ವರೇಖೆಯ ಕೂದಲುಳ್ಳ ಕೋಶ ಮತ್ತು ನಮ್ಮ ಒಳಗಿವಿಯ ಕೋಶ ಒಂದೇ ಕುಲದವು. ನಮ್ಮ ಒಂದು ಕಿವಿಯಲ್ಲಿ ಶಬ್ದ ಗ್ರಹಿಸುವ ಇಂಥ ಕೋಶಗಳು ಸುಮಾರು 15,000 ಮಾತ್ರ. ವಯಸ್ಸಿನಿಂದಲೋ, ಅತಿಯಾದ ಸದ್ದಿನಿಂದಲೋ, ಕ್ಷಯಕ್ಕೆ ಕೊಡುತ್ತ ಬಂದ ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳಿಂದಲೋ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಅಜ್ಜನಿಗೆ ಕೂಗಿ ಹೇಳಬೇಕಾಗುವುದಕ್ಕೆ ಇದೂ ಒಂದು ಕಾರಣ. ಅದೇ ಬಗೆಯ ಔಷಧ ಝೀಬ್ರಾ ಮೀನಿನ ಮೊಗ್ಗುಗಳನ್ನೂ ಕೊಲ್ಲುತ್ತದೆ. ಆದರೆ ಮೀನಿನಲ್ಲಿ ಕೆಲವೇ ದಿನಗಳಲ್ಲಿ ಹೊಸ ಕೋಶಗಳು ಮೂಡುತ್ತವೆ. ಅದು ಹೇಗೆಂದು ತಿಳಿದರೆ ಮನುಷ್ಯನ ಕಿವುಡಿಗೂ ಮದ್ದು ಸಿಕ್ಕೀತೆಂದು ಹಲವು ದೇಶಗಳ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಇನ್ನೊಂದು ಮಾತು: ನೀರಿನಲ್ಲಿ ಕರಗಿದ ತಾಮ್ರದಂಥ ಲೋಹವೂ ಈ ಕೋಶಗಳನ್ನು ಕೆಡಿಸುತ್ತದೆ. ಸಾಯದೆ ಉಳಿದ ಮೀನೂ ಹೊಳೆಯ ಅರಿವನ್ನು ಕಳೆದುಕೊಂಡಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಕಾವೇರಿಯ ಒಂದು ಮೀನಿನ ಕಥೆಯನ್ನು ಹೇಳದೆ ಮುಗಿಸಲಾಗದು. ಬೆನ್ನು ಉಬ್ಬಿದ ಕಾವೇರಿಯ ಮಹಶೀರ್ ಈ ನದಿಯ ರಾಜನೆನಿಸಿದ್ದ ಮೀನು. 1946ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಗಾಳಕ್ಕೆ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಲೋಕಪ್ರಸಿದ್ಧವಾದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವೇ ಬಹುಕಾಲ ಇರಲಿಲ್ಲವೆಂದರೆ ವಾಚಕರು ನಂಬಲಾರರು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿತವಾದ 'ಟಾರ್ ರೆಮಾದೇವಿ' ಎಂಬ ಜಾತಿಯೇ ಇದು ಎಂದು ಇತ್ಯರ್ಥವಾದದ್ದು 2018ರಲ್ಲಿ. ಆ ಹೆಸರು ನಮ್ಮ ಚೆನ್ನೈಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ದುಡಿದ ಮತ್ಸ್ಯಶಾಸ್ತ್ರಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥವಾಗಿ ಇಟ್ಟದ್ದು. ಹೆಸರು ದೊರೆತ ವರ್ಷವೇ ಆ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ಒಂದು ಕಾಲದಲ್ಲಿ ಕಾವೇರಿಯ ಉದ್ದಕ್ಕೂ ಇದ್ದದ್ದು ಈಗ ಮೋಯಾರ್ ಹೊಳೆಯಂಥ ಕೆಲವೇ ಮೂಲೆಗಳಲ್ಲಿ ಉಳಿದಿದೆ.

ಕಾರಣ ಒಂದಲ್ಲ. ಸಿಡಿಮದ್ದಿನ ಬೇಟೆ, ಮರಳು ತೆಗೆಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳ ಪೈಪೋಟಿ, ಎಲ್ಲವೂ ಸೇರಿವೆ. ಇವುಗಳೊಡನೆ ಅಣೆಕಟ್ಟುಗಳೂ ಇವೆ. 1911ರಲ್ಲಿ ಆರಂಭವಾದ ಕನ್ನಂಬಾಡಿಯಾಗಲಿ, 1934ರಲ್ಲಿ ಮುಗಿದ ಮೆಟ್ಟೂರಾಗಲಿ ಲಕ್ಷಾಂತರ ಮಂದಿಗೆ ಅನ್ನ ಕೊಟ್ಟಿವೆ. ಅವನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ನಾವೂ ಆ ನೀರಿನ ಋಣಿಗಳೇ. ಕಾವೇರಿಯ ನೀರು ಕೊಳ್ಳಿಡಂ ಮೂಲಕ ವೀರಾಣಂ ಕೆರೆಗೆ ಬಂದು, ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಮೀರಿದ ಕೊಳವೆಯ ಹಾದಿಯಲ್ಲಿ 2004ರಿಂದ ಚೆನ್ನೈಗೆ ಹರಿಯುತ್ತಿದೆ. ಕೊಡಗಿನಲ್ಲಿ ಹುಟ್ಟಿದ ನೀರು ನಮ್ಮ ಅಡಿಗೆಮನೆಯ ನಲ್ಲಿಯವರೆಗೂ ನಮ್ಮನ್ನು ಹುಡುಕಿಕೊಂಡು ಬಂದಿದೆಯೆಂದರೆ ತಪ್ಪಲ್ಲ.

ಆದರೆ ನೀರು ಬೇರೆ, ಹರಿವು ಬೇರೆ. ಕಟ್ಟೆಯ ಹಿಂದೆ ನೀರು ಬೇಕಾದಷ್ಟು ಇದೆ, ಹರಿವಿಲ್ಲ. ಕಟ್ಟೆಯ ಕೆಳಗೆ, ವಿದ್ಯುತ್ತು ಬೇಕಾದಾಗ ಒಮ್ಮೆಲೆ ನೀರು ನುಗ್ಗುತ್ತದೆ, ಬೇಡವಾದಾಗ ಬಂಡೆ ಒಣಗುತ್ತದೆ. ಮರಳು ಗರಸುಗಳನ್ನು ತೆಗೆದ ಮೇಲೆ ಸುಳಿ ಹುಟ್ಟಲು ಕಲ್ಲೂ ಇಲ್ಲ, ಮೊಟ್ಟೆಯಿಡಲು ನೆಲವೂ ಇಲ್ಲ. ಮೀನಿನ ಮೈಮೇಲಿನ ಸಾವಿರಾರು ಮೊಗ್ಗುಗಳು ಓದಲು ಕಲಿತದ್ದು ಹರಿಯುವ ಹೊಳೆಯ ಬರವಣಿಗೆಯನ್ನು. ಹಾಳೆ ಉಳಿದು ಅಕ್ಷರ ಅಳಿಸಿಹೋದರೆ ಓದು ಬಲ್ಲವನು ಮಾಡುವುದೇನು? ಆದುದರಿಂದ ನದಿಯ ನೀರಿಗಾಗಿ ನಡೆಯುವ ಲೆಕ್ಕಾಚಾರದಲ್ಲಿ, ಇಷ್ಟು ಟಿಎಂಸಿ ಗದ್ದೆಗೆ, ಇಷ್ಟು ನಗರಕ್ಕೆ ಎನ್ನುವವರು, ಇಷ್ಟು ಹರಿವು ನದಿಗೇ ಎಂದು ಒಂದು ಸಾಲು ಸೇರಿಸುವುದು ನ್ಯಾಯ. ಕನ್ನಡಿಗರೂ ತಮಿಳರೂ ಒಪ್ಪಬಹುದಾದ ಸಾಲು ಇದು. ಮೀನಿಗೆ ಗಡಿ ತಿಳಿಯದು.

ವಾಚಕರು ಮುಂದಿನ ರಜೆಯಲ್ಲಿ ಶೃಂಗೇರಿಗೋ, ರಾಮನಾಥಪುರದ ಕಾವೇರಿಯ ಮಡುವಿಗೋ ಹೋದಾಗ, ಮಕ್ಕಳಿಗೆ ಮೂರು ಕೆಲಸ ಹಚ್ಚಬೇಕೆಂದು ನಮ್ಮ ಕೋರಿಕೆ. ಮೊದಲನೆಯದು, ಮೀನಿನ ಪಕ್ಕದ ಗೆರೆಯನ್ನು ಗುರುತಿಸುವುದು. ಎರಡನೆಯದು, ಯಾವ ಕಲ್ಲಿನ ಹಿಂದೆ ಎಷ್ಟು ದೊಡ್ಡ ಮೀನು ನಿಂತಿದೆಯೆಂದು ನೋಡುವುದು. ಮೂರನೆಯದು, ದಡದ ಬಳಿ ಒಂದು ಹುಲ್ಲುಕಡ್ಡಿಯನ್ನು ಬಿಟ್ಟು, ಅದು ಯಾವ ಕಡೆಗೆ ತಿರುಗುತ್ತದೆಂದು ಹೇಳುವುದು. ಮಂಡಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಮಾತ್ರ ಮರಳಿ ಜೇಬಿಗೆ ಹಾಕಿಕೊಂಡು ಬರಲಿ.